ಎರಡು ಲೈಟ್ ಮೀಟರ್, ಎರಡು ಲೆಕ್ಕ: ಯಾವುದನ್ನು ನಂಬೋದು?

ನೆಗೆಟಿವ್135:
ಒಂದು 1960ರ ದಶಕದ ಸಿಡಿಎಸ್ (ಕ್ಯಾಡ್ಮಿಯಂ ಸಲ್ಫೈಡ್‌ನಿಂದ ಬೆಳಕು ಅಳೆಯುವ) ಮೀಟರ್. ಪಾದರಸದ ಸೆಲ್ ಈಗ ಸಿಗಲ್ಲ, ಹಾಗಾಗಿ ಎಲ್‌ಆರ್44 ಆಲ್ಕಲೈನ್ ಸೆಲ್ ಹಾಕಿದ್ದೇನೆ. ಇನ್ನೊಂದು ಹೊಸ ಡಿಜಿಟಲ್. ಬಿಸಿಲಲ್ಲಿ ಹಳೆಯದು 2/3 ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಹೆಚ್ಚು ಬೆಳಕು ತೋರಿಸುತ್ತೆ, ಮನೆಯೊಳಗೆ ಒಂದೂವರೆ ಸ್ಟಾಪ್. ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) ಡಯಲ್ ತಿರುಗಿಸಿ ಸರಿದೂಗಿಸಬಹುದಾ? ಸ್ಲೈಡ್ ಫಿಲ್ಮ್ ಹಾಕೋದಿದೆ, ಅದು ತಪ್ಪು ಎಕ್ಸ್‌ಪೋಶರ್ ಸಹಿಸಲ್ಲ.

ಕತ್ತಲಕೋಣೆ:
ಡಯಲ್ ಮುಟ್ಟಬೇಡಿ. ಫರಕು ಎಲ್ಲ ಬೆಳಕಲ್ಲೂ ಒಂದೇ 2/3 ಸ್ಟಾಪ್ ಇದ್ದಿದ್ದರೆ 100ರ ಫಿಲ್ಮ್‌ಗೆ 64 ಇಟ್ಟು ನಿಶ್ಚಿಂತೆಯಿಂದ ಇರಬಹುದಿತ್ತು. ನಿಮ್ಮದು ಬೆಳಕು ಇಳಿದಂತೆ ಬೆಳೀತಿದೆ.

ಮೊದಲು ಸೆಲ್. ಪಾದರಸದ ಪಿಎಕ್ಸ್625 ಕೊಡುತ್ತಿದ್ದದ್ದು 1.35 ವೋಲ್ಟ್, ಅದೂ ಕೊನೆಯವರೆಗೆ ಏರಿಳಿತವಿಲ್ಲದೆ. ಎಲ್‌ಆರ್44 1.5ರಲ್ಲಿ ಶುರುವಾಗಿ ಇಳೀತಾ ಹೋಗುತ್ತೆ. ವೋಲ್ಟೇಜ್ ಜಾಸ್ತಿಯಾದರೆ ಮುಳ್ಳು ಮೇಲೇರಿ, ಫಿಲ್ಮ್ ಅಂಡರ್ ಆಗುತ್ತೆ, ಅಂದರೆ ಬೆಳಕು ಸಾಲದೆ ಚಿತ್ರ ಕಪ್ಪಾಗುತ್ತೆ. (ವೋಲ್ಟೇಜ್ ಬದಲಾದರೂ ಅಳತೆ ತಪ್ಪದ ಬ್ರಿಡ್ಜ್ ಸರ್ಕ್ಯೂಟ್ ಇರುವ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್‌ನಂಥವಕ್ಕೆ ಈ ಕಾಟವಿಲ್ಲ.) ಹಿಯರಿಂಗ್ ಏಡ್‌ನ 675 ಜಿಂಕ್-ಏರ್ ಸೆಲ್ 1.4 ವೋಲ್ಟ್, ಅಗ್ಗ. ಅಗಲ ಸಾಲದು, ಸುತ್ತ ರಬ್ಬರ್ ರಿಂಗ್ ಹಾಕಿ. ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಕೂರಿಸಿ. ಒಮ್ಮೆ ಕಿತ್ತರೆ ಬಳಸಿದರೂ ಬಿಟ್ಟರೂ ಕೆಲವು ತಿಂಗಳಲ್ಲಿ ಒಣಗುತ್ತೆ.

ಎರಡನೆಯದು, ಸಿಡಿಎಸ್‌ಗೆ ಹಿಂದಿನ ಬೆಳಕಿನ ನೆನಪು ಉಳಿಯುತ್ತೆ. ಬಿಸಿಲಿಂದ ಒಳಗೆ ಬಂದ ತಕ್ಷಣ ನೋಡಿದರೆ ಹೆಚ್ಚೇ ತೋರಿಸುತ್ತೆ. ಎರಡು ನಿಮಿಷ ಬಿಟ್ಟು ಓದಿ.

ಬಿಳಿಗೋಡೆ:
ಹೋಲಿಸೋ ಕ್ರಮವೂ ಸರಿಯಿರಬೇಕು. ಉದಾಹರಣೆಗೆ, ಡಿಜಿಟಲ್ ಸೆಕೋನಿಕ್ ಎಲ್-308ಎಸ್ ರಿಫ್ಲೆಕ್ಟೆಡ್‌ನಲ್ಲಿ (ವಸ್ತುವಿನಿಂದ ಮರಳಿ ಬರುವ ಬೆಳಕು ಅಳೆಯುವಾಗ) 40 ಡಿಗ್ರಿ ಅಗಲ ನೋಡುತ್ತೆ, ಹಳೇ ಸಿಡಿಎಸ್ ಮೀಟರ್ ಗಾಸೆನ್ ಲೂನಾಸಿಕ್ಸ್ 3 ನೋಡೋದು 30. ಚೌಕಟ್ಟಿನಲ್ಲಿ ಆಕಾಶ ಸೇರಿದರೆ ಎರಡೂ ಸತ್ಯವನ್ನೇ ಹೇಳಿ ಜಗಳವಾಡುತ್ತವೆ! ಸಮನಾಗಿ ಬೆಳಕು ಬಿದ್ದ ಖಾಲಿ ಗೋಡೆಗೆ ಒಂದಡಿ ದೂರದಿಂದ, ನೆರಳು ಬೀಳದ ಹಾಗೆ ಹಿಡಿಯಿರಿ. ಬಿಸಿಲು, ನೆರಳು, ಒಳಕೋಣೆ, ರಾತ್ರಿ ಬಲ್ಬು, ನಾಲ್ಕೂ ಕಡೆ ಬರೆದಿಡಿ. ಹಳೆಯದರಲ್ಲಿ ಹೈ, ಲೋ ಎಂದು ಎರಡು ರೇಂಜ್ ಇದ್ದರೆ ಎರಡರಲ್ಲೂ ಸಿಗುವ ಬೆಳಕಿನಲ್ಲಿ ಎರಡನ್ನೂ ಓದಿ. ತಾಳೆಯಾಗದಿದ್ದರೆ ರಿಪೇರಿಯ ಕೆಲಸ.

ಕಂಪನಿಗಳ ಅಳತೆಗೋಲೇ ಬೇರೆ: ಸೆಕೋನಿಕ್‌ನ ಕೆ ಸ್ಥಿರಾಂಕ (ಮರಳಿ ಬರುವ ಬೆಳಕಿನ ಲೆಕ್ಕಕ್ಕೆ ಕಂಪನಿ ಇಟ್ಟುಕೊಂಡ ಅಂಕಿ) 12.5, ಮಿನೋಲ್ಟಾದ್ದು 14. ಆರನೇ ಒಂದು ಸ್ಟಾಪ್ ಅಲ್ಲೇ ಹೋಯಿತು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನೆಗೆಟಿವ್135:
675 ತರಿಸ್ತೀನಿ. ಆದರೆ ಹೊಸ ಮೀಟರ್ ಒಂದರಲ್ಲೇ 18% ಬೆಳಕು ಪ್ರತಿಫಲಿಸುವ ಗ್ರೇ ಕಾರ್ಡ್ ಓದಿದರೆ ಒಂದು ಲೆಕ್ಕ, ಮೇಲೆ ಬೀಳುವ ಬೆಳಕು ಅಳೆಯಲು ಬಿಳಿ ಗುಮ್ಮಟ ಹಾಕಿ ಓದಿದರೆ ಇನ್ನೊಂದು. ಅರ್ಧ ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ ಫರಕು. ಇದೂ ಕೆಟ್ಟಿದೆಯಾ?

ಬಿಳಿಗೋಡೆ:
ಇಲ್ಲ, ಹಾಗೇ ಬರಬೇಕು. ಕೆ 12.5, ಗುಮ್ಮಟದ ಇಂಥದೇ ಸ್ಥಿರಾಂಕ ಸಿ 340 ಇಟ್ಟು ಲೆಕ್ಕ ಹಾಕಿದರೆ ಎರಡೂ ಒಂದಾಗೋದು ಸುಮಾರು 12% ಪ್ರತಿಫಲಿಸುವ ಕಾರ್ಡಿಗೆ. ನಿಮ್ಮದು 18%. ಸ್ಲೈಡ್‌ಗೆ ಗುಮ್ಮಟವನ್ನು ಕ್ಯಾಮೆರಾ ಕಡೆ ತಿರುಗಿಸಿ ಓದಿದ್ದನ್ನೇ ಇಟ್ಟುಕೊಳ್ಳಿ.

ಕತ್ತಲಕೋಣೆ:
ನಡು ಮಧ್ಯಾಹ್ನ, ಮೋಡವಿಲ್ಲದ ಬಿಸಿಲಲ್ಲಿ ಐಎಸ್‌ಒ 100ಕ್ಕೆ ಎಫ್/16, 1/125ರ ಆಸುಪಾಸು ಬರದಿದ್ದರೆ ಮಾತ್ರ ಮೀಟರ್ ಮೇಲೆ ಅನುಮಾನಪಡಿ. ಮತ್ತೆ ಲೆನ್ಸ್ ಒಳಗಿನ ಹಳೇ ಲೀಫ್ ಶಟರ್‌ನ 1/500, ನಿಜದಲ್ಲಿ 1/350 ಇರೋದು ಮಾಮೂಲು. ಮೊದಲ ರೋಲ್‌ನಲ್ಲಿ ಅರ್ಧರ್ಧ ಸ್ಟಾಪ್ ಮೇಲೆ ಕೆಳಗೆ ತೆಗೆಯಿರಿ, ನೀವು ನಿಜಕ್ಕೂ ಬಳಸೋ ಶಟರ್ ಸ್ಪೀಡ್‌ಗಳಲ್ಲೇ.