ಮನೆ ಪೋಕರ್: ಬಾಯ್ಬಿಡ್ದೆ 500ರ ಚಿಪ್ ಇಟ್ರೆ ಅದು ಕಾಲಾ, ರೇಸಾ? ಜೊತೆಗೆ ಇನ್ನೆರಡು ಜಗಳ

ಬನಶಂಕರಿ_ಬ್ಲೈಂಡ್

ಎಲ್ರಿಗೂ ನಮಸ್ಕಾರ. ನಾವು ಏಳು ಜನ ಕಾಲೇಜ್ ಫ್ರೆಂಡ್ಸು, ಶನಿವಾರ ಆದ್ರೆ ಬನಶಂಕರಿ ಸೆಕೆಂಡ್ ಸ್ಟೇಜಲ್ಲಿ ಒಬ್ಬನ ಮನೆ ಮಹಡಿ ಮೇಲೆ ಸೇರಿ ಪೋಕರ್ ಆಡ್ತೀವಿ. ಮುಂಚೆ ಅರ್ಧ ಜನ ಫೋನಲ್ಲೇ ಆಡ್ಕೊಂಡಿದ್ರು, 2025ರ ಆಗಸ್ಟಲ್ಲಿ ಕಾನೂನು ಬಂದು ಆನ್‌ಲೈನಲ್ಲಿ ದುಡ್ಡಿಟ್ಟು ಆಡೋದು ನಿಂತೋಯ್ತಲ್ಲ, ಅವತ್ತಿಂದ ಮನೆ ಆಟ ಜೋರಾಗಿದೆ. ಬ್ಲೈಂಡು (ಎಲೆ ನೋಡೋಕೆ ಮುಂಚೆ ಇಬ್ರು ಇಡಲೇಬೇಕಾದ ದುಡ್ಡು) 5-10, ಬೈ-ಇನ್ (ಆಟಕ್ಕೆ ಕೂರೋಕೆ ಹಾಕೋ ದುಡ್ಡು) ಸಾವಿರ ರೂಪಾಯಿ, ಯಾರೂ ಮನೆ ಮಾರ್ಕೊಳ್ಳೋ ಆಟ ಅಲ್ಲ. ಆದ್ರೆ ಹೋದ ಶನಿವಾರ ಆಗಿರೋ ಜಗಳಕ್ಕೆ ಗ್ರೂಪಲ್ಲಿ ಇಬ್ರು ಮಾತು ಬಿಟ್ಟಿದಾರೆ, ಅದಕ್ಕೇ ಹೊರಗಿನವರ ಅಭಿಪ್ರಾಯ ಕೇಳೋಣ ಅಂತ.

ಆ ಹ್ಯಾಂಡಲ್ಲಿ ನಾನಿರ್ಲಿಲ್ಲ, ಎಲೆ ಹಂಚ್ತಿದ್ದೆ ಅಷ್ಟೆ. ರಿವರ್ (ಟೇಬಲ್ ಮಧ್ಯೆ ಎಲ್ರಿಗೂ ಸೇರಿ ಬಿಚ್ಚೋ ಕೊನೇ ಎಲೆ) ಬಿದ್ದಾಗ ಮಧ್ಯದಲ್ಲಿ, ಅಂದ್ರೆ ಪಾಟಲ್ಲಿ, 600 ಇತ್ತು. ಒಬ್ಬ (ಮೊದಲನೇವನು ಅನ್ನೋಣ) 150 ಬೆಟ್ ಮಾಡ್ದ. ಎರಡನೇವನು ಒಂದೂ ಮಾತಾಡ್ದೆ 500ರ ಒಂದೇ ಒಂದು ಚಿಪ್ ಮುಂದಕ್ಕೆ ತಳ್ಳಿದ. ಎರಡನೇವನು ಕಾಲ್ ಮಾಡ್ದ (150ಕ್ಕೆ ಸಮ ಹಾಕ್ದ) ಅಂತ ಅಂದ್ಕೊಂಡು ಮೊದಲನೇವನು ತನ್ನ ಎಲೆ ತಿರುಗಿಸ್ಬಿಟ್ಟ, ಎರಡು ರಾಜ ಎರಡು ಎಂಟು. ಎರಡನೇವನು ಫ್ಲಷ್ (ಒಂದೇ ಜಾತಿಯ ಐದು ಎಲೆ, ಎರಡು ಜೋಡಿಗಿಂತ ದೊಡ್ಡದು) ತೋರಿಸಿ, ನಾನು 500ಕ್ಕೆ ರೇಸ್ ಮಾಡಿದ್ದು (ಬೆಟ್ ಏರಿಸಿದ್ದು), ಇನ್ನೂ 350 ಕೊಡು ಅಂದ. ಅಲ್ಲಿಂದ ಶುರು. ಮನೆ ಯಜಮಾನ ಫ್ರೆಂಡು, ಅವನ ಮನಸ್ಸಲ್ಲಿ ರೇಸೇ ಇತ್ತು, ನಮ್ಮ ನಮ್ಮಲ್ಲಿ ರೂಲ್ಸ್ ಏನಕ್ಕೆ, ಕೊಟ್ಬಿಡು ಅಂದ. ಮೊದಲನೇವನು ಕೊಟ್ಟ, ಆಮೇಲೆ ಮಾತೇ ಆಡ್ಲಿಲ್ಲ, ಊಟಾನೂ ಮಾಡ್ದೆ ಎದ್ದು ಹೋದ.

ಇನ್ನೊಂದು, ಒಬ್ಬ 4000 ತನಕ ಬೆಳೆಸ್ಕೊಂಡು ಅದರಲ್ಲಿ 2000 ಬೆಲೆಯ ಚಿಪ್ ಜೇಬಿಗೆ ಇಳಿಸಿ ಉಳಿದಿದ್ದರಲ್ಲಿ ಆಡ್ತಾನೆ, ಕೇಳಿದ್ರೆ ನಾನು ಗೆದ್ದಿದ್ದು ನಂದು ಅಂತಾನೆ. ಮೂರನೇದು, 500 ದಾಟಿದ ಪ್ರತಿ ಪಾಟ್‌ನಿಂದ 20 ರೂಪಾಯಿ ಮನೆ ಯಜಮಾನ ಬಿರಿಯಾನಿಗೆ ಅಂತ ತೆಗೀತಾನೆ. ಒಳ್ಳೇ ಮನುಷ್ಯ, ಮೋಸ ಮಾಡೋನಲ್ಲ, ಆದ್ರೂ ಇದು ಸರಿನಾ ಅಂತ ನಂಗೆ ಒಳಗೊಳಗೇ ಕೊರೀತಿದೆ. ಗೊತ್ತಿರೋರು ಹೇಳಿ.

ರಿವರ್_ರಾಯ

ಗುರು, ಮೊದಲನೇದು ಬಹಳ ಕ್ಲಿಯರ್, ಅದು ಕಾಲ್. ಎದುರಿಗೆ ಬೆಟ್ ಇರೋವಾಗ ಬಾಯಲ್ಲಿ ರೇಸ್ ಅನ್ನದೆ ಒಂದೇ ದೊಡ್ಡ ಚಿಪ್ ಇಟ್ರೆ ಅದು ಕಾಲೇ, ಚಿಪ್ ಮೇಲೆ 500 ಇರಲಿ 5000 ಇರಲಿ. 2001ರಲ್ಲಿ ಶುರುವಾದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ರೂಲ್ಸಲ್ಲೂ ಹೀಗೇ ಇದೆ, ಕ್ಯಾಶ್ ಆಟ ನಡೆಸೋ ಕಡೆನೂ ಸಾಮಾನ್ಯವಾಗಿ ಇದನ್ನೇ ಪಾಲಿಸ್ತಾರೆ. ಎದುರಿಗೆ ಬೆಟ್ ಇಲ್ಲದಾಗ ಮಾತ್ರ ಉಲ್ಟಾ, ಆಗ ಸುಮ್ನೆ 500ರ ಚಿಪ್ ಇಟ್ರೆ 500 ಬೆಟ್ ಅಂತಾನೇ ಲೆಕ್ಕ. ಅಂದ್ರೆ ಎರಡನೇವನಿಗೆ 350 ಚಿಲ್ಲರೆ ವಾಪಸ್ ಬರಬೇಕಿತ್ತು, ಮಧ್ಯದಲ್ಲಿ 600 ಪ್ಲಸ್ 150 ಪ್ಲಸ್ 150, ಒಟ್ಟು 900 ಅವನಿಗೆ. ಕಥೆ ಮುಗೀತು.

ಆದ್ರೆ ಇದಕ್ಕಿಂತ ದೊಡ್ಡ ತಪ್ಪು ನಿಮ್ಮ ಯಜಮಾನ ಫ್ರೆಂಡ್ ಮಾಡಿರೋದು, ಅದನ್ನ ಅಲ್ಲಿ ಯಾರೂ ಗಮನಿಸಿಲ್ಲ ಅನ್ಸುತ್ತೆ. ಸರಿ, ಅದು ರೇಸೇ ಅಂತ ಒಪ್ಪಿಕೊಳ್ಳೋಣ. ರೇಸ್ ಆದ್ರೆ ಮೊದಲನೇವನಿಗೆ ಫೋಲ್ಡ್ ಮಾಡೋ (ಇನ್ನು ದುಡ್ಡು ಹಾಕದೆ ಎಲೆ ಬಿಟ್ಬಿಡೋ) ಹಕ್ಕು ಇರುತ್ತಲ್ವಾ? ಅವನು ಕಾಲ್ ಅಂತ ಎಲ್ಲಿ ಹೇಳಿದ? ಆಟ ಮುಗೀತು ಅಂತ ಅಂದ್ಕೊಂಡು ಎಲೆ ತೋರ್ಸಿದಾನೆ, 350 ಹಾಕ್ತೀನಿ ಅಂದಿಲ್ಲ. ಹಾಗಾಗಿ ಕಾಲ್ ಅಂತ ತಗೊಂಡ್ರೂ ಆ 350 ಬಾಕಿ ಇಲ್ಲ, ರೇಸ್ ಅಂತ ತಗೊಂಡ್ರೂ ಇಲ್ಲ. ಯಾವ ಲೆಕ್ಕದಲ್ಲೂ ಕೊಡಬೇಕಾಗಿರದ ದುಡ್ಡನ್ನ ಅವನ ಕೈಯಿಂದ ಕೊಡ್ಸಿದೀರಿ, ಅವನು ಊಟ ಬಿಟ್ಟು ಹೋಗಿದ್ದು ನ್ಯಾಯ.

ಮನಸ್ಸಲ್ಲಿ ಏನಿತ್ತು ಅನ್ನೋದನ್ನ ಯಾಕೆ ಲೆಕ್ಕಕ್ಕೆ ತಗೋಬಾರ್ದು ಅಂದ್ರೆ, ಅದೇ ಹ್ಯಾಂಡಲ್ಲಿ ಮೊದಲನೇವನು ಫ್ಲಷ್‌ಗಿಂತ ದೊಡ್ಡದಾದ ಫುಲ್ ಹೌಸ್ ತೋರ್ಸಿದ್ರೆ ಎರಡನೇವನು ಏನಂತಿದ್ದ? ಅಯ್ಯೋ ಕಾಲ್ ಮಾಡಿದ್ದಪ್ಪ, ಚಿಲ್ಲರೆ ಇರ್ಲಿಲ್ಲ ಅಂತ ಅನ್ನಬಹುದಿತ್ತು. ನಿಮ್ಮ ಫ್ರೆಂಡ್ ಅಂಥವನು ಅಂತ ನಾನು ಹೇಳ್ತಿಲ್ಲ, ಖಂಡಿತ ಅಲ್ಲ. ಆದ್ರೆ ಎದುರಿನವರ ಎಲೆ ನೋಡಿ ಆಮೇಲೆ ತನ್ನ ಮಾತು ಆರಿಸ್ಕೊಳ್ಳೋ ಅವಕಾಶ ಯಾರಿಗೂ ಇರಬಾರ್ದು, ಆ ರೂಲ್ ಇರೋದೇ ಅದಕ್ಕೆ. ರೂಲ್ ಇದ್ರೆ ಫ್ರೆಂಡ್ ಮೇಲೆ ಅನುಮಾನ ಪಡೋ ಪ್ರಸಂಗಾನೇ ಬರಲ್ಲ. ಇದೇ ಕಾರಣಕ್ಕೆ ಸ್ಟ್ರಿಂಗ್ ಬೆಟ್ಟೂ ಬೇಡ ಅನ್ನೋದು, 150 ಇಟ್ಟು, ಎದುರಿನವನ ಮುಖ ನೋಡಿ, ಮತ್ತೆ ಕೈ ಹಿಂದಕ್ಕೆ ಹೋಗಿ ಇನ್ನೊಂದಿಷ್ಟು ತರೋದು. ರೇಸ್ ಮಾಡ್ಬೇಕಾ, ಮೊದಲು ಬಾಯಲ್ಲಿ ರೇಸ್ ಅಂತ ಹೇಳಿ, ಆಮೇಲೆ ನಿಧಾನವಾಗಿ ಎಣಿಸಿ ಇಡಿ.

ಎಕ್ಕ_ರಾಣಿ

ಜೇಬಿಗೆ ಇಳಿಸೋ ವಿಷಯ ನಾನು ಹೇಳ್ತೀನಿ, ನಮ್ಮ ಅಪಾರ್ಟ್‌ಮೆಂಟಲ್ಲಿ ಹೆಂಗಸರೇ ಸೇರಿ ಆಡ್ತೀವಿ, ಅಲ್ಲೂ ಇದೇ ತಲೆನೋವು ಬಂದಿತ್ತು. ಟೇಬಲ್ ಸ್ಟೇಕ್ಸ್ ಅಂದ್ರೆ ಟೇಬಲ್ ಮೇಲಿರೋದು ಆಟ ಮುಗಿಯೋ ತನಕ ಟೇಬಲ್ ಮೇಲೇ ಇರುತ್ತೆ ಅಂತ. ಜನಕ್ಕೆ ಅದರ ಅರ್ಧ ಮಾತ್ರ ನೆನಪಿರುತ್ತೆ. ಇನ್ನರ್ಧ ಏನಂದ್ರೆ, ಹ್ಯಾಂಡ್ ನಡೀತಿರೋವಾಗ ನಿಮ್ಮ ಜೇಬಿಂದ ಒಂದು ಪೈಸೆನೂ ತೆಗೀರಿ ಅಂತ ಯಾರೂ ಕೇಳೋ ಹಾಗಿಲ್ಲ. ಎದುರಿನವರು 3000 ಬೆಟ್ ಮಾಡಿ ನಿಮ್ಮ ಹತ್ರ 800 ಇದ್ರೆ 800ಕ್ಕೆ ಆಲ್-ಇನ್ (ಇರೋದೆಲ್ಲಾ ಇಡೋದು), ಬೇರೆಯವರೂ ಆಟದಲ್ಲಿದ್ರೆ ಉಳಿದಿದ್ದು ಅವರವರ ಮಧ್ಯೆ ಬೇರೆ ಸೈಡ್ ಪಾಟು, ದುಡ್ಡಿಲ್ಲ ಅಂತ ನಿಮ್ಮನ್ನ ಎಬ್ಬಿಸೋಕಾಗಲ್ಲ. ಆ ರಕ್ಷಣೆ ತಗೋತೀರಿ ಅಂದ್ಮೇಲೆ ಗೆದ್ದಿದ್ದನ್ನ ಮುಚ್ಚಿಡೋದು ನ್ಯಾಯ ಅಲ್ಲ. ಅವನಿಗೆ 2000 ಸೋತಿರೋ ಫ್ರೆಂಡು ಅದನ್ನ ವಾಪಸ್ ಗೆಲ್ಲೋ ದಾರಿನೇ ಅವನು ಮುಚ್ಬಿಟ್ಟ.

ಗೆದ್ದು ಬೇಗ ಮನೆಗೆ ಹೋಗೋದು ಬೇರೆ ವಿಷಯ. ಅದಕ್ಕೆ ಯಾವ ರೂಲೂ ಅಡ್ಡ ಬರಲ್ಲ, ಎಲ್ಲಾ ಚಿಪ್ ಎತ್ಕೊಂಡು ಹೋಗಬಹುದು. ಬರೀ ಮರ್ಯಾದೆಯ ಪ್ರಶ್ನೆ ಅದು. ನಾವು ಮಾಡ್ಕೊಂಡಿರೋದು, ಬರೋವಾಗ್ಲೇ ಹೇಳ್ಬೇಕು, ನಾನು ಹತ್ತೂವರೆಗೆ ಎದ್ದೇಳ್ತೀನಿ ಅಂತ. ಹೇಳಿದ್ರೆ ಗೆದ್ದು ಹೋದ್ರೂ ಯಾರೂ ಮುಖ ಊದಿಸ್ಕೊಳ್ಳಲ್ಲ.

ಇನ್ನೊಂದು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ, ದುಡ್ಡಿನ ಲೆಕ್ಕ ಅವತ್ತು ರಾತ್ರಿನೇ ಮುಗಿಸಿ. ಒಬ್ರು ಬ್ಯಾಂಕ್ ನೋಡ್ಕೊಳ್ಳಲಿ, ಬೈ-ಇನ್ ಮೊದಲೇ ಯುಪಿಐ ಮಾಡಿಸ್ಕೊಂಡು ಆಮೇಲೆ ಚಿಪ್ ಕೊಡಲಿ. ನಾಳೆ ಹಾಕ್ತೀನಿ ಅನ್ನೋ ಮಾತಿಂದ ಒಡೆದಷ್ಟು ಸ್ನೇಹ ರೇಸು ಕಾಲು ಜಗಳದಿಂದ ಒಡೆಯಲ್ಲ.

ಹಳೇ_ಕಟ್ಟು

ರಿವರ್_ರಾಯ ಅವರು ಹೇಳಿದ್ದು ಸರಿ, ಆದ್ರೆ ನಂದೊಂದು ತಕರಾರಿದೆ. ನಾನು ವಯಸ್ಸಲ್ಲಿ ನಿಮಗಿಂತ ದೊಡ್ಡವನು ಅನ್ಸುತ್ತೆ, ರಮ್ಮಿ, ಇಪ್ಪತ್ತೆಂಟು ಆಡಿ ಬೆಳೆದೋನು, ಪೋಕರ್ ಕಲಿತಿದ್ದು ಅಳಿಯನ ಹತ್ರ. ಹೊಸಬರು ಕೂತಿರೋ ಮನೆ ಆಟದಲ್ಲಿ ಕ್ಯಾಸಿನೊ ರೂಲನ್ನ ತಲೆ ಮೇಲೆ ಹೊಡೆದ ಹಾಗೆ ಹೇಳಬೇಡಿ. ಮೊದಲನೇ ಸಲ ಸ್ಟ್ರಿಂಗ್ ಬೆಟ್ ಮಾಡಿದ್ರೆ ನಿಲ್ಲಿಸಿ, ಸಮಾಧಾನವಾಗಿ ಹೇಳಿ, ಎದುರಿನವನು ಇನ್ನೂ ಏನೂ ಮಾಡಿಲ್ಲ ಅಂದ್ರೆ ಸರಿ ಮಾಡ್ಕೋ ಅನ್ನಿ. ಎಲೆ ತಿರುಗಿದ ಮೇಲೆ ಮಾತ್ರ ದಾಕ್ಷಿಣ್ಯ ಬೇಡ, ಯಾಕಂದ್ರೆ ಆಗ ನೀವು ಒಬ್ಬನಿಗೆ ತೋರ್ಸೋ ದಾಕ್ಷಿಣ್ಯದ ಬಿಲ್ಲು ಇನ್ನೊಬ್ಬ ಕಟ್ತಾನೆ.

ಮತ್ತೆ ತೀರ್ಪು ಹೇಳೋರು ಯಾರು ಅನ್ನೋದೂ ಮುಖ್ಯ. ಮನೆ ಯಾರದೋ ಅವರೇ ಜಡ್ಜ್ ಅಂತ ಯಾಕೆ? ಆ ಹ್ಯಾಂಡಲ್ಲಿ ಇಲ್ಲದೋರು, ಅಲ್ಲಿ ಎಲೆ ಹಂಚ್ತಾ ಇದ್ದ ನೀವೇ ಹೇಳಬಹುದಿತ್ತು. ನೀವು ಕಣ್ಣಾರೆ ನೋಡಿದೀರಿ, ನಿಮಗೆ ಅದರಲ್ಲಿ ದುಡ್ಡಿಲ್ಲ.

ಇನ್ನೊಂದು ಚಾಳಿ ಎಲ್ಲಾ ಮನೆಗಳಲ್ಲೂ ನೋಡ್ತೀನಿ, ಫೋಲ್ಡ್ ಮಾಡಿ ಕೂತೋನು ಬೋರ್ಡ್ ನೋಡ್ಕೊಂಡು, ಏ ಮೂರು ಕಳಾವರ್ ಬಿದ್ದಿದೆ ನೋಡ್ಕೊಳಪ್ಪಾ ಅನ್ನೋದು, ಅಥವಾ ನಾನು ಎಕ್ಕ ಬಿಸಾಕ್ದೆ ಅಂತ ಕೊರಗೋದು. ಒಂದು ಕೈಯನ್ನ ಒಬ್ಬನೇ ಆಡಬೇಕು. ಆಡ್ತಿರೋರ ದುಡ್ಡು ನಿಮ್ಮ ಮಾತಿಂದ ಆ ಕಡೆ ಈ ಕಡೆ ಆಗುತ್ತೆ.

ಕೋರ್ಟ್_ರೋಡ್

ನಂಗೆ ನಿಜವಾಗ್ಲೂ ಭಯ ಆಗಿದ್ದು ಮೂರನೇ ಪ್ರಶ್ನೆ ಓದಿ. ಪಾಟ್‌ನಿಂದ 20 ರೂಪಾಯಿ ತೆಗೆಯೋದನ್ನ ದಯವಿಟ್ಟು ಇವತ್ತೇ ನಿಲ್ಲಿಸಿ. ಕರ್ನಾಟಕ ಪೊಲೀಸ್ ಕಾಯ್ದೆ 1963ರಲ್ಲಿ ಕಲಂ 79 ಜೂಜಿನ ಮನೆ ನಡೆಸೋರ ಮೇಲೆ, ಕಲಂ 80 ಅಲ್ಲಿ ಕೂತು ಆಡೋರ ಮೇಲೆ. ಮನೆಯನ್ನ ಜೂಜಿನ ಮನೆ ಅಂತ ಕರೆಯೋಕೆ ನೋಡೋ ಮುಖ್ಯ ವಿಷಯ, ಮನೆಯವನು ಆಟದಿಂದ ಲಾಭ ಮಾಡ್ಕೋತಿದಾನಾ ಅನ್ನೋದು. 1968ರಲ್ಲಿ ಸುಪ್ರೀಂ ಕೋರ್ಟ್ ಸಿಕಂದರಾಬಾದಿನ ಒಂದು ಕ್ಲಬ್ ಕೇಸಲ್ಲಿ ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಹೇಳ್ತು, ಎಲ್ರೂ ಅಷ್ಟನ್ನೇ ನೆನಪಿಟ್ಕೊಂಡಿದಾರೆ. ಅದೇ ತೀರ್ಪಲ್ಲಿ, ಮನೆ ಅಥವಾ ಕ್ಲಬ್ ಮಾಲೀಕ ಆ ಆಟದಿಂದ ಲಾಭ ಮಾಡ್ಕೊಂಡ್ರೆ ಅಪರಾಧ ಆಗಬಹುದು ಅಂತಾನೂ ಇದೆ. ಪೋಕರ್ ವಿಷಯದಲ್ಲಂತೂ ಎಲ್ಲಾ ಕೋರ್ಟೂ ಒಂದೇ ಮಾತು ಹೇಳಿಲ್ಲ, ನಮ್ಮ ಹೈಕೋರ್ಟ್ 2013ರಲ್ಲಿ ಕೌಶಲದ ಆಟದ ಕಡೆಗೇ ವಾಲಿತ್ತು, ಗುಜರಾತ್ ಹೈಕೋರ್ಟ್ 2017ರಲ್ಲಿ ಇದು ಜೂಜೇ ಅಂತು. ಇಷ್ಟು ಗೊಂದಲ ಇರೋವಾಗ ಬಿರಿಯಾನಿಗೋಸ್ಕರ ನಿಮ್ಮ ಫ್ರೆಂಡನ್ನ ಮನೆ ಮಾಲೀಕ ಲಾಭ ತಗೋತಿದಾನೆ ಅನ್ನೋ ಜಾಗದಲ್ಲಿ ನಿಲ್ಲಿಸ್ಬೇಡಿ.

ಕಾನೂನು ಬಿಡಿ, ಲೆಕ್ಕದಲ್ಲೂ ಅನ್ಯಾಯ. ಗಂಟೆಗೆ ಇಪ್ಪತ್ತು ಹ್ಯಾಂಡ್ ಅಂದ್ಕೊಂಡ್ರೂ ಐದು ಗಂಟೇಲಿ ನೂರು ಹ್ಯಾಂಡ್. ಅರ್ಧದಷ್ಟು ಪಾಟ್ 500 ದಾಟಿದ್ರೆ 1000 ರೂಪಾಯಿ ಹೋಯ್ತು, ಏಳು ಜನರ ಬೈ-ಇನ್ ಸೇರಿ ಟೇಬಲ್ ಮೇಲೆ ಬಂದಿದ್ದೇ 7000. ಅದೂ ಜಾಸ್ತಿ ಪಾಟ್ ಆಡೋನ ಹತ್ರ ಜಾಸ್ತಿ ಕಿತ್ಕೊಂಡ ಹಾಗಾಯ್ತು, ಬಿರಿಯಾನಿ ಮಾತ್ರ ಎಲ್ರೂ ಸಮ ತಿಂತಾರೆ. ಬಾಗಿಲಲ್ಲೇ ತಲೆಗೆ 200 ಊಟಕ್ಕೆ ಅಂತ ಹಾಕಿ, ಉಳಿದ್ರೆ ವಾಪಸ್ ಹಂಚ್ಕೊಳ್ಳಿ, ಆ ದುಡ್ಡಿಗೂ ಆಟಕ್ಕೂ ಸಂಬಂಧಾನೇ ಬೇಡ.

ಬನಶಂಕರಿ_ಬ್ಲೈಂಡ್

ಎಲ್ರಿಗೂ ತುಂಬಾ ಥ್ಯಾಂಕ್ಸ್. ಫೋಲ್ಡ್ ಮಾಡೋ ಹಕ್ಕು ಇತ್ತಲ್ವಾ ಅನ್ನೋ ಪಾಯಿಂಟ್ ಗ್ರೂಪಲ್ಲಿ ಹಾಕ್ದೆ, ಅರ್ಧ ಗಂಟೆ ಯಾರೂ ಏನೂ ಬರೀಲಿಲ್ಲ, ಆಮೇಲೆ ಎರಡನೇವನೇ ಅವನಿಗೆ 350 ವಾಪಸ್ ಕಳ್ಸಿ, ಬಾರಲೇ ಶನಿವಾರ ಅಂತ ಹಾಕಿದ. ಮನೆ ಯಜಮಾನನಿಗೆ ಕೋರ್ಟ್_ರೋಡ್ ಅವರ ಮಾತು ಫೋನಲ್ಲಿ ಓದಿ ಹೇಳ್ದೆ, ಅವನಿಗೆ ಬೇಜಾರಾಯ್ತು, ನಾನೇನು ಲಾಭ ಮಾಡ್ಕೊಂಡ್ನಾ ಅಂತ. ಇಲ್ಲಪ್ಪ, ನಿನ್ನ ಹೆಸರು ಕೆಡಬಾರ್ದು ಅಂತಾನೇ ಹೇಳ್ತಿರೋದು ಅಂದೆ, ತಲೆಗೆ 200ಕ್ಕೆ ಒಪ್ಪಿದಾನೆ. ಜೇಬಿನವನು ಮಾತ್ರ ಇನ್ನೂ ಒಪ್ಪಿಲ್ಲ, ರೂಲ್ ಬರೆದು ಎಲ್ರೂ ಹೂಂ ಅಂದ್ರೆ ಮಾತ್ರ ಅಂತಿದಾನೆ. ಅದು ನ್ಯಾಯವಾದ ಮಾತೇ, ಶನಿವಾರ ಎಲೆ ಹಂಚೋಕೆ ಮುಂಚೆ ಬರೀತೀವಿ.

ಬರೆಯೋವಾಗ ಇನ್ನೊಂದು ಸೇರಿಸ್ಬೇಕು, ಹಂಚೋವಾಗ ಕೈ ಜಾರಿ ಒಬ್ಬನ ಎಲೆ ಎಲ್ರಿಗೂ ಕಂಡ್ಬಿಟ್ರೆ ಏನ್ಮಾಡ್ಬೇಕು? ನಮ್ಮಲ್ಲಿ ಪ್ರತಿ ಸಲ ಮತ್ತೆ ಹಂಚ್ತೀವಿ, ಒಳ್ಳೇ ಎಲೆ ಬಂದಿದ್ದೋರು ಕೂಗಾಡ್ತಾರೆ.

ರಿವರ್_ರಾಯ

ಮೊಟ್ಟಮೊದಲು ಹಂಚಿದ ಎಲೆನೇ ಕಂಡ್ರೆ ಎಲ್ಲಾ ವಾಪಸ್ ತಗೊಂಡು ಮತ್ತೆ ಕಲಸಿ, ಕಟ್ ಮಾಡಿಸಿ ಹಂಚಿ. ಆಮೇಲಿನ ಒಂದು ಎಲೆ ಕಂಡ್ರೆ ಹಂಚೋದನ್ನ ನಿಲ್ಲಿಸ್ಬೇಡಿ, ಎಲ್ರಿಗೂ ಎರಡೆರಡು ಹಂಚಿ ಮುಗಿಸಿ, ಕಟ್ಟಿನ ಮೇಲಿನ ಎಲೆ ಅವನಿಗೆ ಕೊಡಿ, ಕಂಡಿದ್ದ ಎಲೆ ಫ್ಲಾಪ್‌ಗೆ (ಮಧ್ಯದಲ್ಲಿ ಬಿಚ್ಚೋ ಮೊದಲ ಮೂರು ಎಲೆಗೆ) ಮುಂಚೆ ತೆಗೆದಿಡೋ ಬರ್ನ್ ಕಾರ್ಡ್ ಆಗಲಿ. ಆ ಎಲೆ ನಂಗೇ ಇರಲಿ ಅಂತ ಅವನು ಕೇಳಿದ್ರೂ ಕೊಡೋ ಹಾಗಿಲ್ಲ. ಎರಡು ಎಲೆ ಕಂಡ್ರೆ ಮತ್ತೆ ಮೊದಲಿಂದ ಹಂಚಿ.