ಅಲೆಯುವ ಸೀರೆಯನ್ನು ಎರಡು ಕ್ಯಾಮೆರಾದಲ್ಲಿ 3ಡಿ ಮಾಡಿದವರು ಇದ್ದೀರಾ?

ಕೇಳಿದವರು, ಮೈಸೂರು: ಫೈನಲ್ ಇಯರ್ ಪ್ರಾಜೆಕ್ಟಿಗೆ ಅಮ್ಮನ ಮೈಸೂರು ಸಿಲ್ಕ್ ಸೀರೆ ನೇತುಹಾಕಿದ್ದೇನೆ. ಫ್ಯಾನ್ ಗಾಳಿಗೆ ಅದು ಅಲೆಯುವುದನ್ನು ಎರಡು ವೆಬ್‌ಕ್ಯಾಮ್‌ನಲ್ಲಿ ಹಿಡಿಯುತ್ತಿದ್ದೇನೆ. ಓಪನ್‌ಸಿವಿಯಲ್ಲಿ (ಚಿತ್ರಗಳನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್) ಆಳ, ಅಂದರೆ ಬಟ್ಟೆಯ ಒಂದೊಂದು ಜಾಗ ಕ್ಯಾಮೆರಾದಿಂದ ಎಷ್ಟು ದೂರ ಅಂತ, ಲೆಕ್ಕ ಹಾಕಿದರೆ ಬರೀ ತೂತು, ಉತ್ತರವೇ ಬಾರದ ಖಾಲಿ ಜಾಗ. ನೆರಿಗೆಯಂತೂ ಕಾಣುವುದೇ ಇಲ್ಲ. ಏನು ಮಾಡಲಿ?

ಕುವೆಂಪುನಗರದಿಂದ: ಕೋಡ್ ಹಾಗಿರಲಿ, ಮೊದಲು ಬಟ್ಟೆ ನೋಡಿ. ಎಡಗಡೆ ಚಿತ್ರದ ಗುರುತು ಬಲಗಡೆ ಚಿತ್ರದಲ್ಲಿ ಎಲ್ಲಿದೆ ಅಂತ ಸಿಕ್ಕರೆ ತಾನೆ ಆಳ ಗೊತ್ತಾಗುವುದು? ಒಂದೇ ಬಣ್ಣದ ಸೀರೆಯ ಮೈಯಲ್ಲಿ ಗುರುತೇ ಇಲ್ಲ. ಹೊಳಪು ಇನ್ನೂ ಕಷ್ಟ. ಅದು ಒಂದೊಂದು ಕ್ಯಾಮೆರಾಗೆ ಒಂದೊಂದು ಜಾಗದಲ್ಲಿ ಕಂಡು ಸುಳ್ಳು ಆಳ ಕೊಡುತ್ತದೆ. ನಾನು ಕೋಣೆ ಕತ್ತಲು ಮಾಡಿ, ಪ್ರೊಜೆಕ್ಟರ್‌ನಿಂದ ಬಟ್ಟೆ ಮೇಲೆ ಅಡ್ಡಾದಿಡ್ಡಿ ಚುಕ್ಕೆ ಬಿಟ್ಟೆ. ತೂತು ಬಹುಪಾಲು ಮುಚ್ಚಿತು. ಜರಿ ಅಂಚು ಮಾತ್ರ ಸರಿಹೋಗಲಿಲ್ಲ, ಅಷ್ಟನ್ನು ಬಿಟ್ಟೇ ಲೆಕ್ಕ ಹಾಕಿದೆ. ಒಂದು ನೆನಪಿಡಿ: ಆ ಚುಕ್ಕೆಗಳು ಬಟ್ಟೆ ಜೊತೆ ಹೋಗುವುದಿಲ್ಲ. ಆ ಕ್ಷಣದ ಆಕಾರ ಸಿಗುತ್ತದೆ, ಬಟ್ಟೆಯ ಇಂಥ ಜಾಗ ಎಲ್ಲಿಗೆ ಸರಿಯಿತು ಅಂತ ಸಿಗುವುದಿಲ್ಲ. ಅದೂ ಬೇಕಿದ್ದರೆ ಹಳೆ ಪಂಚೆಗೆ ಬ್ರಶ್‌ನಿಂದ ಕಪ್ಪು ಬಣ್ಣ ಎರಚಿ ಬಳಸಿ. ಅಮ್ಮನ ಸೀರೆಗೆ ಖಂಡಿತ ಬೇಡ.

ಮಂಡ್ಯದಿಂದ: ಕ್ಯಾಮೆರಾ ಎಷ್ಟು ದೂರ ಇದೆ? ಎರಡರ ನಡುವೆ 10 ಸೆಂ.ಮೀ., ಫೋಕಲ್ ಲೆಂಗ್ತ್ (ಲೆನ್ಸ್ ಎಷ್ಟು ಹಿಗ್ಗಿಸಿ ತೋರಿಸುತ್ತದೆ ಅನ್ನುವ ಅಳತೆ) 800 ಪಿಕ್ಸೆಲ್ ಅಂದುಕೊಳ್ಳಿ. 1 ಮೀಟರ್ ದೂರದಲ್ಲಿ ಗುರುತು ಹೊಂದಿಸುವಾಗ ಒಂದು ಪಿಕ್ಸೆಲ್ ತಪ್ಪಿದರೆ ಆಳದಲ್ಲಿ ಸುಮಾರು 1.25 ಸೆಂ.ಮೀ. ತಪ್ಪು. 2 ಮೀಟರ್‌ಗೆ ಹೋದರೆ 5 ಸೆಂ.ಮೀ. ನೆರಿಗೆ ಇರುವುದೇ ಎರಡು ಮೂರು ಸೆಂ.ಮೀ. ಅಲ್ವಾ?

ನನ್ನ ತಲೆ ತಿಂದದ್ದು ಇನ್ನೊಂದು. ಮಾಮೂಲಿ ಯುಎಸ್‌ಬಿ ವೆಬ್‌ಕ್ಯಾಮ್‌ಗಳು ಒಂದೇ ಕ್ಷಣಕ್ಕೆ ಚಿತ್ರ ತೆಗೆಯುವುದಿಲ್ಲ. ಮೊಬೈಲಿನ ಸ್ಟಾಪ್‌ವಾಚ್ ಎರಡಕ್ಕೂ ತೋರಿಸಿದೆ. ಒಂದರಲ್ಲಿ 4.31, ಇನ್ನೊಂದರಲ್ಲಿ 4.34! ಬಟ್ಟೆ ಸೆಕೆಂಡಿಗೆ 1 ಮೀಟರ್ ಓಡುತ್ತಿದ್ದರೆ ಅಷ್ಟರಲ್ಲಿ 3 ಸೆಂ.ಮೀ. ಸರಿದಿರುತ್ತದೆ. ಟ್ರಿಗರ್ (ಎರಡೂ ಒಟ್ಟಿಗೆ ಚಿತ್ರ ತೆಗೆಯಲಿ ಅನ್ನುವ ಸಂಕೇತ) ಕೊಡಬಹುದಾದ ಕ್ಯಾಮೆರಾ ಲ್ಯಾಬಿನಲ್ಲಿದೆಯಾ ಕೇಳಿ. ಇಲ್ಲದಿದ್ದರೆ ಫ್ಯಾನ್ ನಿಲ್ಲಿಸಿ, ನಿಂತ ಬಟ್ಟೆಯಲ್ಲೇ ಮೊದಲು ಸರಿ ಮಾಡಿಕೊಳ್ಳಿ.

ಸರಸ್ವತಿಪುರಂನಿಂದ: ನೇಯ್ದ ಬಟ್ಟೆ ಮಡಿಯುತ್ತದೆ, ಜಾಸ್ತಿ ಹಿಗ್ಗುವುದಿಲ್ಲ. ಓರೆಯಾಗಿ ಎಳೆದರೆ ಮಾತ್ರ ಸ್ವಲ್ಪ ಬಿಡುತ್ತದೆ. ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಎಳೆಯ ಉದ್ದಕ್ಕೆ 5 ಸೆಂ.ಮೀ. ಅಂತರದ ಎರಡು ಗುರುತು, ಬಟ್ಟೆ ಹೇಗೇ ಅಲೆದರೂ ಅದರ ಮೈಮೇಲೆ ಅಳೆದರೆ ಹೆಚ್ಚುಕಡಿಮೆ ಅಷ್ಟೇ. ಚಪ್ಪಟೆಯಾಗಿ ಹಾಸಿದ ಬಟ್ಟೆಯ ಮೆಶ್ (ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ಬಲೆ) ಕಂಪ್ಯೂಟರಿನಲ್ಲಿ ಮಾಡಿ, ಈ ನಿಯಮ ಹಾಕಿ, ಪ್ರತಿ ಫ್ರೇಮಿನ ಬಿಂದುಗಳಿಗೆ ಕೂರಿಸಿ. ಬನಿಯನ್ ಬಟ್ಟೆಗೆ ಇದು ನಡೆಯುವುದಿಲ್ಲ.

ನೆರಿಗೆಯ ಒಳಗೆ ಒಂದೇ ಕ್ಯಾಮೆರಾಗೆ ಕಾಣುವ ಜಾಗವನ್ನು ಸುಮ್ನೆ ತುಂಬಿಸಬೇಡಿ. ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಹೊಂದಿಸಿ ನೋಡಿ, ಉತ್ತರ ಒಂದೇ ಬಾರದ ಕಡೆ ಖಾಲಿ ಬಿಡಿ.

ಕೇಳಿದವರು: ಸ್ಟಾಪ್‌ವಾಚ್ ಈಗಲೇ ತೋರಿಸಿದೆ. ನನ್ನದರಲ್ಲೂ ಅಂಕಿ ಬೇರೆ ಬೇರೆ! ಫ್ಯಾನ್ ಆಫ್ ಮಾಡಿದ್ದೇನೆ. ಪ್ರೊಜೆಕ್ಟರ್ ನಾಳೆ ಲ್ಯಾಬಿನಲ್ಲಿ ಕೇಳುತ್ತೇನೆ.