13ರ ಒಳಗಿನ ಹುಡುಗರ ಪಂದ್ಯ: ವಿಡಿಯೊ ಕ್ಲಿಪ್‌ಗಳು 8 ಸೆಕೆಂಡ್ ತಡವಾಗಿ ಶುರುವಾಗುತ್ತಿವೆ, ಯಾಕೆ?

ಗೌತಮಪುರ ಕೋಚ್

ನಮಸ್ಕಾರ. ಬೆಂಗಳೂರಿನ ಗೌತಮಪುರದ ಕಡೆ 13ರ ಒಳಗಿನ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಪೆಲೆ ಪ್ರತಿಮೆ ಇರುವ ಏರಿಯಾ. ಇಲ್ಲಿ ಚೆನ್ನಾಗಿ ಆಡುವ ಹುಡುಗರಿಗೆ ಬರ ಇಲ್ಲ. ಆದರೆ ಅಕಾಡೆಮಿಯವರು ನಮ್ಮ ಪ್ರತಿ ಪಂದ್ಯಕ್ಕೂ ಬಂದು ನೋಡುವುದಕ್ಕೆ ಆಗುವುದಿಲ್ಲ, ಅಲ್ವಾ? ಅದಕ್ಕೆ ಫೋನಿನಲ್ಲಿ ಪಂದ್ಯ ಪೂರ್ತಿ ರೆಕಾರ್ಡ್ ಮಾಡಿ, ಒಬ್ಬೊಬ್ಬ ಹುಡುಗನ ಕ್ಲಿಪ್ ಬೇರೆ ಮಾಡಿ ಕಳಿಸುತ್ತಿದ್ದೇನೆ.

ಸಮಸ್ಯೆ ಏನೆಂದರೆ, ಆಟ ನಡೆಯುವಾಗ ಗಡಿಯಾರ ನೋಡಿ ಪುಸ್ತಕದಲ್ಲಿ ಸಮಯ ಬರೆದುಕೊಳ್ಳುತ್ತೇನೆ. ಮನೆಗೆ ಬಂದು ಸಾಫ್ಟ್‌ವೇರ್‌ನಲ್ಲಿ ಅದೇ ಸಮಯಕ್ಕೆ ಹೋದರೆ ಶುರುವಿನ ಕ್ಲಿಪ್‌ಗಳು ಸರಿ ಇರುತ್ತವೆ. 35 ನಿಮಿಷದ ಹಾಫ್ ಮುಗಿಯುವ ಹೊತ್ತಿಗೆ ಸುಮಾರು 8 ಸೆಕೆಂಡ್ ವ್ಯತ್ಯಾಸ. ಗೋಲ್ ಆಗಿ ಹುಡುಗರು ಕುಣಿಯುವಾಗ ಕ್ಲಿಪ್ ಶುರುವಾಗುತ್ತದೆ! ಒಂದು ಕ್ಲಿಪ್ ಇಲ್ಲೇ ಹಾಕಿದ್ದೇನೆ, ನೋಡಿ. ಫೋನ್ ಕೆಟ್ಟಿದೆಯಾ? ಇನ್ನೊಂದು ಮಾತು: ಸಂಜೆ ಪಂದ್ಯಗಳಲ್ಲಿ ಜರ್ಸಿ ನಂಬರ್ ಸಹ ಕಾಣುವುದಿಲ್ಲ.

ಕ್ಯಾಮೆರಾ ಕೆಲಸ

ಫೋನ್ ಕೆಟ್ಟಿಲ್ಲ ಸರ್. ಫೋನ್ ಎಲ್ಲ ಹೊತ್ತಿನಲ್ಲೂ ಸೆಕೆಂಡಿಗೆ ಸರಿಯಾಗಿ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ, ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ ಅಥವಾ ಫೋನ್ ಬಿಸಿಯಾದರೆ ಅದೇ ನಿಧಾನ ಮಾಡಿಕೊಳ್ಳುತ್ತದೆ. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಅನ್ನುತ್ತಾರೆ. ಕ್ಲಿಪ್ ಕತ್ತರಿಸುವ ಕೆಲವು ಸಾಫ್ಟ್‌ವೇರ್‌ಗಳು ಮಾತ್ರ ಪ್ರತಿ ಸೆಕೆಂಡಿಗೂ 30 ಫ್ರೇಮ್ ಇದೆ ಅಂತಲೇ ಲೆಕ್ಕ ಹಾಕುತ್ತವೆ.

ಲೆಕ್ಕ ನೋಡಿ. ಸರಾಸರಿ 30ರ ಬದಲು 29.88 ಬಂದಿದೆ ಅಂದುಕೊಳ್ಳಿ. 35 ನಿಮಿಷ ಅಂದರೆ 2100 ಸೆಕೆಂಡ್. ಅಷ್ಟರಲ್ಲಿ 252 ಫ್ರೇಮ್ ಕಡಿಮೆ ಬಿತ್ತು. ಅದನ್ನು 30ರಿಂದ ಭಾಗಿಸಿದರೆ 8.4 ಸೆಕೆಂಡ್. ನೀವು ಹೇಳಿದ್ದೂ ಅಷ್ಟೇ.

ಮೊದಲು ಮೀಡಿಯಾಇನ್ಫೋ ಅನ್ನುವ, ವಿಡಿಯೊ ಫೈಲಿನ ವಿವರ ತೋರಿಸುವ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದು ನೋಡಿ. ಫ್ರೇಮ್ ರೇಟ್ ಮೋಡ್ ಎದುರು 'ವೇರಿಯಬಲ್' ಅಂತಿದ್ದರೆ ಇದೇ ಕಾರಣ. ಆಮೇಲೆ ವಿಡಿಯೊ ಬದಲಾಯಿಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್‌ನಲ್ಲಿ ಹಾಕಿ, ವಿಡಿಯೊ ಟ್ಯಾಬ್‌ನಲ್ಲಿ ಫ್ರೇಮ್ ರೇಟ್ 30 ಇಟ್ಟು, ಕೆಳಗೆ 'ಕಾನ್‌ಸ್ಟಂಟ್' (ಎಲ್ಲ ಹೊತ್ತಿನಲ್ಲೂ ಒಂದೇ) ಆರಿಸಿ. ಬರೀ 30 ಅಂತ ಕೊಟ್ಟು ಬಿಟ್ಟರೆ ಸಾಲದು, ಅದು 'ಪೀಕ್'ನಲ್ಲೇ (ಹೆಚ್ಚೆಂದರೆ 30, ಕಡಿಮೆಯೂ ಆಗಬಹುದು) ಉಳಿದಿರಬಹುದು. ಹೊಸ ಫೈಲ್ ನಿಮ್ಮ ಪುಸ್ತಕದ ಸಮಯಕ್ಕೆ ಕೂಡುತ್ತದೆ, ಹಳೆಯ ಟಿಪ್ಪಣಿ ಯಾವುದೂ ವ್ಯರ್ಥವಾಗುವುದಿಲ್ಲ.

ನಂಬರ್ ವಿಷಯ. ನೀವು ಮೈದಾನದ 70 ಮೀಟರ್ ಉದ್ದವನ್ನೂ ಒಂದೇ ಫ್ರೇಮಿನಲ್ಲಿ ಹಿಡಿದಿದ್ದರೆ, 1080ಪಿ ವಿಡಿಯೊದಲ್ಲಿ (ಅಡ್ಡಕ್ಕೆ 1920 ಪಿಕ್ಸೆಲ್, ಅಂದರೆ ಚುಕ್ಕೆ) ಒಂದು ಮೀಟರಿಗೆ 27 ಪಿಕ್ಸೆಲ್ ಸಿಗುತ್ತದೆ. 20 ಸೆಂಟಿಮೀಟರ್ ಎತ್ತರದ ನಂಬರಿಗೆ ಬರೀ 5 ಪಿಕ್ಸೆಲ್. ಯಾರಿಗೂ ಓದಲು ಆಗುವುದಿಲ್ಲ. 4ಕೆ (ಅಡ್ಡಕ್ಕೆ 3840 ಪಿಕ್ಸೆಲ್) ಇಟ್ಟು 40 ಮೀಟರ್ ಮಾತ್ರ ಹಿಡಿದರೆ 19 ಪಿಕ್ಸೆಲ್ ಆಗುತ್ತದೆ. ಸಂಜೆ ಮಸುಕಾಗುವುದು ಶಟರ್ ನಿಧಾನ ಆಗುವುದರಿಂದ. ಫೋನಿನಲ್ಲಿ ಶಟರ್ ನಾವೇ ಆರಿಸುವ ಪ್ರೊ ಮೋಡ್ ಇದ್ದರೆ ಬಿಸಿಲಿನಲ್ಲಿ 1/500 ಸೆಕೆಂಡ್ ಇಡಿ. ಫ್ಲಡ್‌ಲೈಟ್ ಹಾಕಿದ ಮೇಲೆ 1/100 ಇಡಿ, ಇಲ್ಲದಿದ್ದರೆ ನಮ್ಮ 50 ಹರ್ಟ್ಸ್ ಕರೆಂಟಿಗೆ ಚಿತ್ರ ಮಿಣುಕುತ್ತದೆ.

ಹಾಫ್‌ಬ್ಯಾಕ್

ಕೋಚ್ ಸರ್, ನೀವು ಹಾಕಿದ ಕ್ಲಿಪ್ ನೋಡಿದೆ. 8 ಸೆಕೆಂಡಿಗಿಂತ ದೊಡ್ಡ ತೊಂದರೆ ಬೇರೆ ಇದೆ. ಕ್ಯಾಮೆರಾ ಪೂರ್ತಿ ಚೆಂಡಿನ ಹಿಂದೆಯೇ ಓಡುತ್ತಿದೆ.

ಈ ವಯಸ್ಸಿನಲ್ಲಿ ಚೆಂಡಿನ ಹತ್ತಿರ ಜಾಸ್ತಿ ಕಾಣುವುದು ಮೈಕಟ್ಟು ದೊಡ್ಡದಿರುವ ಹುಡುಗ. ವಯಸ್ಸಿನ ಲೆಕ್ಕ ಜನವರಿ 1ರಿಂದ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. 12 ವರ್ಷದ ಹುಡುಗರಲ್ಲಿ 11 ತಿಂಗಳು ಅಂದರೆ ಎಷ್ಟು ಎತ್ತರ, ಎಷ್ಟು ಬಲ! ಎಷ್ಟೋ ದೇಶಗಳ ಅಕಾಡೆಮಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಆಯ್ಕೆಯಾಗುತ್ತಾರೆ. ದಯವಿಟ್ಟು ಪ್ರತಿ ಕ್ಲಿಪ್ ಜೊತೆ ಹುಟ್ಟಿದ ತಿಂಗಳು ಬರೆದು ಕಳಿಸಿ.

ಸಣ್ಣ ಹುಡುಗ ಹೇಗೆ ಬದುಕುತ್ತಾನೆ ಗೊತ್ತಾ? ಚೆಂಡು ಬರುವ ಮುಂಚೆ ಸುತ್ತ ನೋಡಿಕೊಂಡು. ನಾರ್ವೆಯ ಸಂಶೋಧಕ ಗೀರ್ ಯೋರ್ಡೆಟ್ ಇದನ್ನೇ ವಿಡಿಯೊ ಇಟ್ಟುಕೊಂಡು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಚೆಂಡು ಕಾಲಿಗೆ ಬರುವ ಮುಂಚಿನ ಕೆಲವು ಸೆಕೆಂಡಿನಲ್ಲಿ ಆಟಗಾರ ಎಷ್ಟು ಸಲ ತಲೆ ತಿರುಗಿಸಿ ನೋಡುತ್ತಾನೆ ಅಂತ ಎಣಿಸುತ್ತಾರೆ. ಸ್ಪೇನಿನ ಮಾಜಿ ಆಟಗಾರ ಜಾವಿ ಅದಕ್ಕೇ ಹೆಸರುವಾಸಿ. ನಿಮ್ಮ ವಿಡಿಯೊದಲ್ಲಿ ಆ ಸೆಕೆಂಡ್‌ಗಳೇ ಇಲ್ಲ. ಹುಡುಗ ಫ್ರೇಮಿಗೆ ಬರುವುದು ಚೆಂಡಿನ ಜೊತೆಗೇ.

ಮೊದಲು ಎತ್ತರ ಹುಡುಕಿ. ನೆಲದ ಮೇಲೆ ನಿಂತು ತೆಗೆದರೆ ಒಬ್ಬರ ಹಿಂದೆ ಒಬ್ಬರು ಮರೆಯಾಗುತ್ತಾರೆ. ಗ್ಯಾಲರಿಯ ಮೇಲಿನ ಮೆಟ್ಟಿಲೋ, ಪಕ್ಕದ ಮನೆಯ ತಾರಸಿಯೋ ಆಗುತ್ತದೆ. ಸೆಂಟರ್ ಲೈನ್ ನೇರಕ್ಕೆ ಟ್ರೈಪಾಡ್ ಇಟ್ಟು, ಅರ್ಧ ಮೈದಾನ ಕಾಣುವಷ್ಟು ಹಿಡಿದು, ನಿಧಾನಕ್ಕೆ ತಿರುಗಿಸಿ. ಜೂಮ್ ಮುಟ್ಟಲೇಬೇಡಿ. ಪ್ರತಿ ಕ್ಲಿಪ್ ಅನ್ನೂ ಚೆಂಡು ಸಿಗುವ 10 ಸೆಕೆಂಡ್ ಮುಂಚೆ ಶುರು ಮಾಡಿ, ಚೆಂಡು ಹೋದ ಮೇಲೂ 5 ಸೆಕೆಂಡ್ ಬಿಡಿ. ಚೆಂಡು ಕಳೆದುಕೊಂಡ ಹುಡುಗ ನಿಂತುಬಿಡುತ್ತಾನಾ, ವಾಪಸ್ ಓಡುತ್ತಾನಾ, ನೋಡುವವರಿಗೆ ಅದೂ ಬೇಕು. ತಪ್ಪು ಪಾಸ್‌ಗಳನ್ನು ಕತ್ತರಿಸಿ ಬಿಸಾಕಬೇಡಿ.

ಕ್ಯಾಮೆರಾ ಕೆಲಸ

ಹೌದು, ಇದನ್ನು ನಾನು ಹೇಳಬೇಕಿತ್ತು. ಆಟಕ್ಕೆ ಮುಂಚೆ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರೂ ಹೆಸರು, ನಂಬರ್ ಹೇಳುವುದನ್ನು ರೆಕಾರ್ಡ್ ಮಾಡಿ. ಕಾಲುಚೀಲದ ಬಣ್ಣವೂ ಗುರುತಿಗೆ ಸಿಗುತ್ತದೆ. ವಿಡಿಯೊ ಕಳಿಸುವ ಮುಂಚೆ ತಂದೆ ತಾಯಿಯ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಲಿಂಕ್ ಎಲ್ಲರಿಗೂ ಕಾಣುವ ಹಾಗೆ ಇಡಬೇಡಿ.

ಗೌತಮಪುರ ಕೋಚ್

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಫೈಲ್ 'ವೇರಿಯಬಲ್' ಅಂತಲೇ ಇತ್ತು. ಕಾನ್‌ಸ್ಟಂಟ್ ಮಾಡಿದ ಮೇಲೆ ಕೊನೆಯ ನಿಮಿಷದ ಕ್ಲಿಪ್ ಕೂಡ ಸರಿಯಾಗಿ ಕೂತಿತು. ಪಕ್ಕದ ಮನೆಯ ಅಜ್ಜಿ ತಾರಸಿಗೆ ಬಿಟ್ಟರು, ಟೀ ಕೂಡ ಕೊಟ್ಟರು.

ಹಾಫ್‌ಬ್ಯಾಕ್ ಸರ್, ನಿಮ್ಮ ಮಾತು ತುಂಬಾ ನಿಜ. ನನ್ನ 14ನೇ ನಂಬರ್ ಹುಡುಗ ನವೆಂಬರ್‌ನಲ್ಲಿ ಹುಟ್ಟಿದವನು, ತಂಡದಲ್ಲೇ ಗಿಡ್ಡ. ಎರಡು ವರ್ಷದಿಂದ ಬೆಂಚಿನಿಂದಲೇ ಬರುತ್ತಿದ್ದ. ಮೇಲಿಂದ ತೆಗೆದ ವಿಡಿಯೊ ನೋಡಿದರೆ, ಪ್ರತಿ ಪಾಸ್‌ಗೂ ಮುಂಚೆ ಎರಡು ಸಲ ಹಿಂದಕ್ಕೆ ತಿರುಗಿ ನೋಡುತ್ತಾನೆ. ಇಷ್ಟು ದಿನ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವನ ಅಮ್ಮನ ಒಪ್ಪಿಗೆ ಪತ್ರ ನಿನ್ನೆ ಸಿಕ್ಕಿತು. ಈ ಭಾನುವಾರ ಅವನನ್ನು ಶುರುವಿನಿಂದಲೇ ಆಡಿಸುತ್ತೇನೆ. ಪೂರ್ತಿ ಪಂದ್ಯದ ವಿಡಿಯೊ ಆದ ಮೇಲೆ ಕಳಿಸುತ್ತೇನೆ.